ಅಕ್ರಿಲಿಕ್ ಉಗುರು ಏಕೆ ಏಳುತ್ತದೆ?

ಹಂಪಿ ಬಜಾರಿನ ಬೀದಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಎದುರಿಗೆ ವಿರೂಪಾಕ್ಷ ದೇವಾಲಯದ ಪೂರ್ವ ಗೋಪುರ, ಎಡಕ್ಕೆ ಹೇಮಕೂಟದ ಬಂಡೆಗಳು ಕಾಣುತ್ತವೆ. ಈ ಗ್ರಾನೈಟ್ ಬಂಡೆಗಳನ್ನು ಹತ್ತಿರದಿಂದ ಗಮನಿಸಿ. ಕೆಲವು ಕಡೆ ಕಲ್ಲಿನ ಹೊರಪದರ ಈರುಳ್ಳಿಯ ಸಿಪ್ಪೆಯಂತೆ ಮೈಬಿಟ್ಟು ಎದ್ದಿರುತ್ತದೆ. ಗೋಪುರದ ಬುಡ ಕಲ್ಲಿನದು, ಮೇಲಿನ ನೆಲೆಗಳು ಇಟ್ಟಿಗೆಯವು. ಇಟ್ಟಿಗೆಯ ಮೇಲೆ ಸುಣ್ಣದ ಗಾರೆಯ ಲೇಪವಿದೆ. ಮಳೆ, ಬಿಸಿಲುಗಳಿಗೆ ಮೈಯೊಡ್ಡಿದ ಇಂಥ ಗಾರೆ ಅಲ್ಲಲ್ಲಿ ಬಿರಿದು, ಹಕ್ಕಳೆಯೆದ್ದು ಉದುರುತ್ತದೆ. ಕಾಲಕಾಲಕ್ಕೆ ದುರಸ್ತಿ ಬೇಡುತ್ತದೆ. ಅದೇ ಬೀದಿಯಲ್ಲಿ ಫೋಟೊ ತೆಗೆಸಿಕೊಳ್ಳಲು ನಿಂತ ಯುವತಿಯ ಬೆರಳುಗಳನ್ನು ನೋಡಿ. ಅವುಗಳ ತುದಿಯಲ್ಲಿ ನೀಳವಾದ, ಹೊಳೆಯುವ ಅಕ್ರಿಲಿಕ್ ಉಗುರುಗಳಿರಬಹುದು. ಬಂಡೆ, ಗಾರೆ, ಉಗುರು ಮೂರೂ ಬೇರೆ ಬೇರೆ ವಸ್ತುಗಳು. ಆದರೆ ಮೈಮೇಲಿನ ಪದರವೊಂದು ಅಂಚಿನಿಂದ ಬಿಟ್ಟು ಮೇಲೇಳುವ ರೀತಿಯಲ್ಲಿ ಮೂರಕ್ಕೂ ಭೌತಶಾಸ್ತ್ರದ ಒಂದೇ ನಿಯಮ ಅನ್ವಯಿಸುತ್ತದೆ.

ಕೃತಕ ಉಗುರು ಈಗ ದೊಡ್ಡ ನಗರಗಳಿಗೆ ಸೀಮಿತವಾದ ಅಲಂಕಾರವಲ್ಲ. ಸಣ್ಣ ಊರುಗಳ ಮದುವೆ ಮನೆಗಳಲ್ಲೂ ಅದು ಕಾಣಸಿಗುತ್ತದೆ. ಅದರ ಬಗ್ಗೆ ಕೇಳಿಬರುವ ದೂರು ಸಾಮಾನ್ಯವಾಗಿ ಒಂದೇ. ಕೂರಿಸಿದ ಒಂದು ವಾರದಲ್ಲಿ ಉಗುರಿನ ಬುಡದ ಹತ್ತಿರ ಬೆಳ್ಳಗಿನ ಕಲೆ ಕಾಣಿಸಿಕೊಳ್ಳುತ್ತದೆ. ಅಲ್ಲಿ ತಲೆಗೂದಲು ಸಿಕ್ಕಿಕೊಳ್ಳತೊಡಗುತ್ತದೆ. ಇನ್ನೆರಡು ದಿನಕ್ಕೆ ಅಂಚು ಮೇಲೆದ್ದು ಇಡೀ ಲೇಪವೇ ಕಳಚಿಬರುತ್ತದೆ. ಆಗ ಹೂಡುವ ಉಪಾಯಗಳೂ ಸಾಮಾನ್ಯವಾಗಿ ಮೂರು: ಹೆಚ್ಚು ಅಂಟು ಸುರಿಯುವುದು, ಉಗುರನ್ನು ಇನ್ನಷ್ಟು ಉಜ್ಜುವುದು, ಲೇಪವನ್ನು ಇನ್ನಷ್ಟು ದಪ್ಪ ಮಾಡುವುದು. ಈ ಮೂರೂ ಏಕೆ ತಪ್ಪು ಎಂಬುದು ಅಂಟಿಕೆಯ ಭೌತಶಾಸ್ತ್ರ ತಿಳಿದರೆ ಸ್ಪಷ್ಟವಾಗುತ್ತದೆ. ಕೈಯ ಅಂದದ ಜೊತೆಗೆ ಹಾಕಿಸಿಕೊಂಡವರ ಮತ್ತು ಹಾಕುವವರ ಆರೋಗ್ಯವೂ ಇದರಲ್ಲಿ ಅಡಗಿದೆ.

ಅಂಟಿಸುವ ನೆಲ

ಯಾವುದೇ ಅಂಟಿನ ವಿಚಾರದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾವುದರ ಮೇಲೆ ಕೂರಬೇಕು ಎಂಬುದು. ನಮ್ಮ ಉಗುರು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ತಟ್ಟೆ. ಕೂದಲು, ದನದ ಕೊಂಬು, ಗೊರಸುಗಳೂ ಕೆರಾಟಿನ್‌ನಿಂದಲೇ ಆದವು. ಬೆರಳಿನ ಉಗುರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಇದು ಸತ್ತ ಜೀವಕೋಶಗಳು ಚಪ್ಪಟೆಯಾಗಿ, ಹೆಂಚಿನಂತೆ ಒಂದರ ಮೇಲೊಂದು ಹೊದಿಸಿಕೊಂಡ ರಚನೆ. ಬುಡದಲ್ಲಿ ಹೊಸ ಕೋಶಗಳು ಹುಟ್ಟುತ್ತಿರುವುದರಿಂದ ಇಡೀ ತಟ್ಟೆ ದಿನಕ್ಕೆ ಸುಮಾರು 0.1 ಮಿ.ಮೀ.ನಂತೆ, ಅಂದರೆ ತಿಂಗಳಿಗೆ ಸುಮಾರು 3 ಮಿ.ಮೀ.ನಷ್ಟು ಮುಂದೆ ಸರಿಯುತ್ತದೆ.

ಉಗುರು ಗಾಜಿನಂತೆ ಕಂಡರೂ ಗಾಜಿನಂತೆ ನೀರನ್ನು ತಡೆಯುವುದಿಲ್ಲ. ಚರ್ಮಕ್ಕಿಂತ ಉಗುರಿನ ಮೂಲಕ ನೀರು ಸುಲಭವಾಗಿ ಹಾದುಹೋಗುತ್ತದೆ. ಪಾತ್ರೆ ತೊಳೆದ ಮೇಲೆ ಉಗುರು ಮೆತ್ತಗಾಗಿ ಸುಲಭವಾಗಿ ಬಾಗುವುದನ್ನು ಎಲ್ಲರೂ ಗಮನಿಸಿದ್ದೇವೆ. ಒಣಗಿದಂತೆ ಅದು ಮತ್ತೆ ಬಿರುಸಾಗುತ್ತದೆ. ಹೀಗೆ ದಿನಕ್ಕೆ ಹಲವು ಬಾರಿ ಉಬ್ಬಿ, ಕುಗ್ಗಿ, ಬಾಗುವ ನೆಲದ ಮೇಲೆ ಅಷ್ಟಾಗಿ ನೀರು ಹೀರದ, ಬಿರುಸಾದ ಪ್ಲಾಸ್ಟಿಕ್ ಲೇಪವನ್ನು ನಿಲ್ಲಿಸಬೇಕು. ಕೆಳಗಿನದು ಅಲುಗಿದಾಗ ಮೇಲಿನದು ಅಷ್ಟೇ ಅಲುಗದಿದ್ದರೆ ಎರಡರ ನಡುವಿನ ಗಡಿಯಲ್ಲಿ ಜಗ್ಗಾಟ ನಡೆಯುತ್ತದೆ. ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವ ಕೈಗೂ ಹೊಸಪೇಟೆಯ ಕಚೇರಿಯಲ್ಲಿ ಕೂತು ಕೆಲಸ ಮಾಡುವ ಕೈಗೂ ಈ ಜಗ್ಗಾಟದ ಪ್ರಮಾಣ ಬೇರೆ ಬೇರೆ. ಒಬ್ಬರಿಗೆ ನಿಂತ ಲೇಪ ಇನ್ನೊಬ್ಬರಿಗೆ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ದಂತವೈದ್ಯರ ಮೇಜಿನಿಂದ ಬಂದ ವಸ್ತು

ಅಕ್ರಿಲಿಕ್ ಉಗುರಿನ ಕಥೆ ಹಲ್ಲಿನಿಂದ ಆರಂಭವಾಗುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ದಂತವೈದ್ಯ ಫ್ರೆಡ್ ಸ್ಲ್ಯಾಕ್ 1954ರಲ್ಲಿ ತನ್ನ ಮುರಿದ ಉಗುರನ್ನು ಹಲ್ಲಿನ ಕೆಲಸಕ್ಕೆ ಬಳಸುವ ಅಕ್ರಿಲಿಕ್‌ನಿಂದ, ಅಲ್ಯೂಮಿನಿಯಂ ಹಾಳೆಯ ಆಸರೆ ಕೊಟ್ಟು, ಸರಿಪಡಿಸಿಕೊಂಡನೆಂದು ಹೇಳುತ್ತಾರೆ. ಇಂದಿನ ವಿಧಾನವೂ ಮೂಲತಃ ಅದೇ. ಒಂದು ಬಟ್ಟಲಿನಲ್ಲಿ ದ್ರವ, ಇನ್ನೊಂದರಲ್ಲಿ ಪುಡಿ. ಕುಂಚವನ್ನು ದ್ರವದಲ್ಲಿ ಅದ್ದಿ ಪುಡಿಗೆ ತಾಗಿಸಿದರೆ ತುದಿಯಲ್ಲಿ ಮಣಿಯಂಥ ಉಂಡೆ ಕೂಡಿಕೊಳ್ಳುತ್ತದೆ. ಅದನ್ನು ಉಗುರಿನ ಮೇಲೆ ಇಟ್ಟು ಹರಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗುತ್ತದೆ.

ದ್ರವವು ಮುಖ್ಯವಾಗಿ ಈಥೈಲ್ ಮೆಥಾಕ್ರಿಲೇಟ್ ಎಂಬ ಮಾನೊಮರ್, ಅಂದರೆ ಬಿಡಿಬಿಡಿಯಾದ ಸಣ್ಣ ಅಣುಗಳು. ಪುಡಿಯು ಈಗಾಗಲೇ ಸರಪಳಿಯಾಗಿ ಬೆಸೆದುಕೊಂಡ ಅಕ್ರಿಲಿಕ್ ಪಾಲಿಮರ್. ಪುಡಿಯಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಸೇರಿರುತ್ತದೆ. ದ್ರವದಲ್ಲಿರುವ ಒಂದು ಅಮೀನ್ ಅದನ್ನು ಒಡೆದು ಮುಕ್ತ ರ್‍ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಒಂದೊಂದು ರ್‍ಯಾಡಿಕಲ್ಲೂ ಮಾನೊಮರ್ ಅಣುವಿನ ಇಮ್ಮಡಿ ಬಂಧವನ್ನು ತೆರೆದು, ಅದಕ್ಕೆ ಕೈಹಿಡಿದು, ಮುಂದಿನ ಅಣುವಿಗೆ ಕೈಚಾಚುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. ಈ ಕ್ರಿಯೆಯಲ್ಲಿ ಶಾಖ ಹೊರಬರುವುದರಿಂದ ಕೆಲವರಿಗೆ ಉಗುರು ಬೆಚ್ಚಗಾದ ಅನುಭವವಾಗುತ್ತದೆ. ಲೇಪ ಕೆಲವು ನಿಮಿಷಗಳಲ್ಲಿ ಗಟ್ಟಿಯಾದರೂ ಒಳಗಿನ ಬೆಸುಗೆ ಒಂದೆರಡು ದಿನ ನಿಧಾನವಾಗಿ ಮುಂದುವರಿಯುತ್ತದೆ.

ಮೊದಲು ನೆನೆಯಬೇಕು

ಎರಡು ವಸ್ತುಗಳು ಅಂಟಬೇಕಾದರೆ ಅವುಗಳ ಅಣುಗಳು ನ್ಯಾನೊಮೀಟರ್‌ನ ಅಳತೆಯಲ್ಲಿ ಹತ್ತಿರ ಬರಬೇಕು. ಎರಡು ಗಟ್ಟಿ ವಸ್ತುಗಳನ್ನು ಒತ್ತಿದರೆ ಅವು ಕೆಲವೇ ಉಬ್ಬುಗಳಲ್ಲಿ ತಾಗುತ್ತವೆ. ಆದ್ದರಿಂದಲೇ ಅಂಟು ಮೊದಲು ದ್ರವವಾಗಿದ್ದು ತಗ್ಗುದಿಣ್ಣೆಗಳನ್ನೆಲ್ಲ ತುಂಬಿ, ಆಮೇಲೆ ಗಟ್ಟಿಯಾಗಬೇಕು. ದ್ರವ ಹರಡಿಕೊಳ್ಳುವುದನ್ನು ಸ್ಪರ್ಶಕೋನದಿಂದ ಅಳೆಯುತ್ತಾರೆ. ತೊಳೆದ ಗಾಜಿನ ಮೇಲೆ ನೀರು ಹರಡುತ್ತದೆ, ಅಲ್ಲಿ ಸ್ಪರ್ಶಕೋನ ಕಡಿಮೆ. ಎಣ್ಣೆ ಸವರಿದ ಗಾಜಿನ ಮೇಲೆ ಹನಿ ದುಂಡಗೆ ನಿಲ್ಲುತ್ತದೆ, ಅಲ್ಲಿ ಸ್ಪರ್ಶಕೋನ ಹೆಚ್ಚು. ಮೇಲ್ಮೈ ಎಳೆತಗಳ ಸಮತೋಲನದಿಂದ ಈ ಕೋನ ನಿರ್ಧಾರವಾಗುತ್ತದೆ ಎಂಬುದನ್ನು ಥಾಮಸ್ ಯಂಗ್ 1805ರಲ್ಲಿ ವಿವರಿಸಿದ.

ಉಗುರಿನ ಮೇಲೆ ಕೂತ ಎಣ್ಣೆಯ ಕಣ್ಣಿಗೆ ಕಾಣದ ಪೊರೆ ಅಕ್ರಿಲಿಕ್ ಅನ್ನು ಕೆರಾಟಿನ್ ತಲುಪಲು ಬಿಡುವುದಿಲ್ಲ. ಅಲ್ಲಿ ಲೇಪ ಉಗುರಿಗೆ ಅಂಟದೆ ಎಣ್ಣೆಗೆ ಅಂಟುತ್ತದೆ, ಎಣ್ಣೆಯಾದರೋ ಜಾರುವ ದ್ರವ. ಧೂಳಿನ ವಿಷಯವೂ ಹೀಗೆಯೇ. ಸಂಡೂರಿನ ಗಣಿಗಳ ಕಡೆಗೆ ಹೋಗುವ ರಸ್ತೆಬದಿಯ ಎಲೆಗಳ ಮೇಲೆ ಕೆಂಧೂಳು ಕೂತಿರುತ್ತದೆ. ಆ ಎಲೆಗೆ ಒಂದು ಅಂಟುಪಟ್ಟಿ ಹಚ್ಚಿ ತೆಗೆದರೆ ಧೂಳಷ್ಟೇ ಪಟ್ಟಿಗೆ ಬರುತ್ತದೆ, ಪಟ್ಟಿ ಎಲೆಯನ್ನು ಮುಟ್ಟಿಯೇ ಇರುವುದಿಲ್ಲ. ಉಗುರನ್ನು ಉಜ್ಜಿದಾಗ ಉಳಿದ ಪುಡಿಯೂ ಇದೇ ಕೆಲಸ ಮಾಡುತ್ತದೆ.

ನೀರಿನ ವಿಚಾರ ಸ್ವಲ್ಪ ಬೇರೆ. ಗಾರೆ ಕೆಲಸದವರು ಇಟ್ಟಿಗೆಗೆ ಲೇಪ ಹಾಕುವ ಮುನ್ನ ಗೋಡೆಗೆ ನೀರು ಚಿಮುಕಿಸುತ್ತಾರೆ. ಒಣ ಇಟ್ಟಿಗೆ ಗಾರೆಯೊಳಗಿನ ನೀರನ್ನು ಹೀರಿಬಿಟ್ಟರೆ ಗಾರೆ ಗಟ್ಟಿಯಾಗುವ ಮೊದಲೇ ಬರಡಾಗಿ ಹಕ್ಕಳೆಯೇಳುತ್ತದೆ. ಅಕ್ರಿಲಿಕ್‌ಗೆ ಇದರ ತದ್ವಿರುದ್ಧ. ಗಾರೆಯಲ್ಲಿರುವ ದ್ರವ ನೀರು, ಅದು ಒದ್ದೆ ಇಟ್ಟಿಗೆಯೊಡನೆ ಹೊಂದುತ್ತದೆ. ಅಕ್ರಿಲಿಕ್‌ನ ದ್ರವ ನೀರಿನೊಡನೆ ಅಷ್ಟಾಗಿ ಬೆರೆಯದು, ಆದ್ದರಿಂದ ಅದಕ್ಕೆ ಒಣ ಉಗುರು ಬೇಕು. ಗೋಡೆಯ ಅನುಭವವನ್ನು ಹಾಗೆಯೇ ಉಗುರಿಗೆ ಅನ್ವಯಿಸಲಾಗದು. ಅಂಟು ಯಾವುದೋ ಅದಕ್ಕೆ ತಕ್ಕಂತೆ ನೆಲವನ್ನು ಹದ ಮಾಡಬೇಕು.

ನೆನೆಯುವಿಕೆಯ ಜೊತೆಗೆ ಹಿಡಿತವೂ ಬೇಕು. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಕನ್ನಡಿಯ ಚೂರುಗಳನ್ನು ಬಟ್ಟೆಗೆ ದಾರದಿಂದ ಸುತ್ತಲೂ ಹೊಲಿದು ನಿಲ್ಲಿಸುತ್ತಾರೆ. ದಾರವು ಕನ್ನಡಿಯ ಅಂಚನ್ನು ಹಿಡಿದು ಬಟ್ಟೆಯ ಎಳೆಗಳೊಳಗೆ ಹೊಕ್ಕಿರುತ್ತದೆ. ಲೇಪದಲ್ಲಿಯೂ ಇಂಥ ಹೊಲಿಗೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಮಾನೊಮರ್ ಉಗುರಿನ ಗೀರು, ಸಂದುಗಳೊಳಗೆ ಇಳಿದು ಅಲ್ಲಿಯೇ ಸರಪಳಿಯಾದರೆ ಲೇಪಕ್ಕೆ ಬೇರು ಬಿಟ್ಟಂತಾಗುತ್ತದೆ. ಪ್ರೈಮರ್ ಎಂಬ ತೆಳು ದ್ರವದ ಕೆಲಸವೂ ಇದಕ್ಕೆ ಪೂರಕ. ಅದರ ಅಣುವಿನ ಒಂದು ತುದಿ ಕೆರಾಟಿನ್‌ನೊಡನೆ ಹೈಡ್ರೊಜನ್ ಬಂಧಗಳಂಥ ಆಕರ್ಷಣೆಯಿಂದ ಕೂರುತ್ತದೆ, ಇನ್ನೊಂದು ತುದಿ ಅಕ್ರಿಲಿಕ್‌ನ ಸರಪಳಿಯಲ್ಲಿ ಸೇರಿಕೊಳ್ಳುತ್ತದೆ.

ಕುಗ್ಗಿದ ಲೇಪ ಕೂಡಿಡುವ ಶಕ್ತಿ

ಇಷ್ಟೆಲ್ಲ ಸರಿಯಿದ್ದರೂ ದಪ್ಪ ಲೇಪ ಏಳುತ್ತದೆ. ಇದೇಕೆ? ಉತ್ತರ ಸಾಂದ್ರತೆಯ ಲೆಕ್ಕದಲ್ಲಿದೆ. ಪಠ್ಯಪುಸ್ತಕಗಳಲ್ಲಿ ಪರಿಚಿತವಾದ ಮೀಥೈಲ್ ಮೆಥಾಕ್ರಿಲೇಟ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದ್ರವದ ಸಾಂದ್ರತೆ ಘನ ಸೆಂಟಿಮೀಟರಿಗೆ 0.94 ಗ್ರಾಂ, ಅದರಿಂದಾದ ಪಾಲಿಮರ್‌ನದು 1.19 ಗ್ರಾಂ. 100 ಗ್ರಾಂ ದ್ರವದ ಗಾತ್ರ ಸುಮಾರು 106 ಘನ ಸೆಂ.ಮೀ. ಅದೇ 100 ಗ್ರಾಂ ಪಾಲಿಮರ್ ಆದಾಗ 84 ಘನ ಸೆಂ.ಮೀ. ಅಂದರೆ ಗಾತ್ರದಲ್ಲಿ ಸುಮಾರು ಶೇಕಡ 21ರಷ್ಟು ಕುಗ್ಗುತ್ತದೆ. ಬಿಡಿಬಿಡಿಯಾಗಿ ಓಡಾಡುತ್ತಿದ್ದ ಅಣುಗಳು ಕೈಹಿಡಿದು ನಿಂತಾಗ ಮೊದಲಿನಷ್ಟು ಜಾಗ ಬೇಡವಷ್ಟೆ! ಈಥೈಲ್ ಮೆಥಾಕ್ರಿಲೇಟ್‌ನಲ್ಲಿ ಕುಗ್ಗುವಿಕೆ ತುಸು ಕಡಿಮೆ.

ಪುಡಿಯನ್ನು ಬೆರೆಸುವುದರ ಮರ್ಮ ಇದರಿಂದ ತಿಳಿಯುತ್ತದೆ. ಪುಡಿ ಈಗಾಗಲೇ ಪಾಲಿಮರ್ ಆಗಿರುವುದರಿಂದ ಅದು ಮತ್ತೆ ಕುಗ್ಗುವುದಿಲ್ಲ. ಮಿಶ್ರಣದಲ್ಲಿ ದ್ರವದ ಪಾಲು ಮೂರನೇ ಒಂದರಷ್ಟಿದ್ದರೆ ಒಟ್ಟು ಕುಗ್ಗುವಿಕೆಯೂ ಸುಮಾರು ಮೂರನೇ ಒಂದಕ್ಕೆ, ಅಂದರೆ ಶೇಕಡ 7ರ ಆಸುಪಾಸಿಗೆ ಇಳಿಯುತ್ತದೆ. ದಂತಪಂಕ್ತಿ ಮಾಡುವವರು ಬಹುಕಾಲದಿಂದ ಬಳಸುವ ಉಪಾಯವಿದು. ದ್ರವ ಹೆಚ್ಚಾಗಿ ಉಂಡೆ ನೀರುನೀರಾದರೆ ಕುಗ್ಗುವಿಕೆ ಹೆಚ್ಚುತ್ತದೆ, ಬೆಸೆಯದ ಮಾನೊಮರ್ ಉಳಿಯುವ ಅಪಾಯವೂ ಹೆಚ್ಚುತ್ತದೆ. ಪುಡಿ ಹೆಚ್ಚಾದರೆ ಉಗುರನ್ನು ನೆನೆಸಲು ದ್ರವವೇ ಸಾಲದೆ ಗಡಿಯಲ್ಲಿ ಗಾಳಿಗುಳ್ಳೆಗಳು ಉಳಿಯುತ್ತವೆ. ಹದ ಮುಖ್ಯ.

ಲೇಪದ ಕೆಳಮುಖ ಉಗುರಿಗೆ ಅಂಟಿಕೊಂಡಿರುವುದರಿಂದ ಅದು ಇಷ್ಟಬಂದಷ್ಟು ಕುಗ್ಗಲಾರದು. ಕುಗ್ಗಬೇಕೆಂಬ ಒತ್ತಾಯ ಒಳಗೇ ಪೀಡನವಾಗಿ ಉಳಿಯುತ್ತದೆ. ಎಳೆದು ಹಿಡಿದ ರಬ್ಬರ್ ಪಟ್ಟಿಯಲ್ಲಿ ಶಕ್ತಿ ಇರುವಂತೆ ಲೇಪದಲ್ಲಿಯೂ ಶಕ್ತಿ ಕೂಡಿಟ್ಟಿರುತ್ತದೆ. ಸರಳೀಕರಿಸಿ ಹೇಳುವುದಾದರೆ,

ಒಂದು ಚದರ ಮೀಟರ್ ಲೇಪದಲ್ಲಿರುವ ಶಕ್ತಿ = (ಪೀಡನದ ವರ್ಗ × ಲೇಪದ ದಪ್ಪ) ÷ (2 × ಯಂಗ್ ಗುಣಾಂಕ)

ಲೆಕ್ಕಕ್ಕಾಗಿ ಪೀಡನ 50 ಲಕ್ಷ ಪಾಸ್ಕಲ್, ಯಂಗ್ ಗುಣಾಂಕ 200 ಕೋಟಿ ಪಾಸ್ಕಲ್ ಎಂದು ಇಟ್ಟುಕೊಳ್ಳೋಣ. ಲೇಪದ ದಪ್ಪ 1 ಮಿ.ಮೀ. ಇದ್ದರೆ ಶಕ್ತಿ ಚದರ ಮೀಟರಿಗೆ 6.25 ಜೂಲ್. ದಪ್ಪ 0.2 ಮಿ.ಮೀ. ಇದ್ದರೆ 1.25 ಜೂಲ್. ಬಿರುಕೊಂದು ಮುಂದುವರಿಯಬೇಕಾದರೆ, ಅದು ಬಿಡುಗಡೆ ಮಾಡುವ ಶಕ್ತಿಯು ಹೊಸ ಮೇಲ್ಮೈಗಳನ್ನು ತೆರೆಯಲು ಬೇಕಾದ ಶಕ್ತಿಗಿಂತ ಕಡಿಮೆ ಇರಬಾರದು. ಗಾಜಿನ ಬಿರುಕುಗಳನ್ನು ಕುರಿತು ಗ್ರಿಫಿತ್ 1921ರಲ್ಲಿ ಮಂಡಿಸಿದ ವಿಚಾರ ಇದು. ನಮ್ಮ ಲೇಪಕ್ಕೂ ಅದು ಸಲ್ಲುತ್ತದೆ. ಅಂಟಿನ ತಾಕತ್ತು ಚದರ ಮೀಟರಿಗೆ 3 ಜೂಲ್ ಎಂದಾದರೆ, 0.2 ಮಿ.ಮೀ. ಲೇಪ ತೆಪ್ಪಗೆ ಕೂತಿರುತ್ತದೆ. ಅದೇ ಅಂಟು, ಅದೇ ಉಗುರು, ಅದೇ ಕೈ ಇದ್ದರೂ 1 ಮಿ.ಮೀ. ಲೇಪ ತಾನಾಗಿಯೇ ಏಳಬಲ್ಲದು. ಗಾರೆಯವರು ಒಂದೇ ಸಲಕ್ಕೆ ದಪ್ಪ ಲೇಪ ಬಳಿಯದೆ ಪದರ ಪದರವಾಗಿ ಕಟ್ಟುವುದರ ಹಿಂದೆಯೂ ಇದೇ ಬಗೆಯ ತಿಳಿವಳಿಕೆ ಇದೆ. ಬಂಡೆಯಲ್ಲಿ ಅಂಟೂ ಇಲ್ಲ, ಲೇಪವೂ ಇಲ್ಲ. ಮೇಲಿದ್ದ ಭಾರ ಸವೆದುಹೋದದ್ದು, ಹವೆಯ ಪ್ರಭಾವ ಮುಂತಾದವುಗಳಿಂದ ಹೊರಪದರದಲ್ಲಿ ಪೀಡನ ಸೇರಿ, ಅದು ಮೇಲ್ಮೈಗೆ ಸಮಾಂತರವಾಗಿ ಬಿರಿದು ಹಾಳೆಯಾಗಿ ಏಳುತ್ತದೆ. ಲೆಕ್ಕದ ತತ್ವ ಮಾತ್ರ ಒಂದೇ.

ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಸಾಮಾನ್ಯ ದ್ರವವೊಂದು ಮೇಲ್ಮೈಯನ್ನು ಪೂರ್ತಿ ನೆನೆಸಿದಾಗ ಅಣುಗಳ ನಡುವಿನ ಆಕರ್ಷಣೆಯಿಂದ ಸಿಗುವ ಅಂಟಿಕೆಯ ಶಕ್ತಿ ಚದರ ಮೀಟರಿಗೆ ಒಂದು ಜೂಲಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಷ್ಟೇ ಇರುತ್ತದೆ. ಹಾಗಿದ್ದರೆ ಲೇಪ ನಿಲ್ಲುವುದು ಹೇಗೆ? ಬೇರೂರಿದ ಸರಪಳಿಗಳು ಹಿಗ್ಗಿ, ಎಳೆಸಿಕೊಂಡು, ಕೊನೆಗೆ ತುಂಡಾಗುವಾಗ ಹಲವು ಪಟ್ಟು ಶಕ್ತಿಯನ್ನು ನುಂಗುತ್ತವೆ. ನಿಜವಾದ ಸಂಪರ್ಕ ಇದ್ದಲ್ಲಿ ಮಾತ್ರ ಈ ಲಾಭ ಸಿಗುತ್ತದೆ. ಎಣ್ಣೆ, ಧೂಳು, ಒಣಚರ್ಮ ಇರುವ ಕಡೆ ಅದು ಶೂನ್ಯ. ಆದ್ದರಿಂದ ಹೆಚ್ಚು ಅಂಟು ಸುರಿಯುವುದಕ್ಕಿಂತ ಚೊಕ್ಕವಾದ ನೆಲ ಸಿದ್ಧಪಡಿಸುವುದೇ ಮೇಲು.

ಅಂಚಿನಲ್ಲೇ ಏಕೆ?

ಹಣೆಗೆ ಅಂಟಿಸಿದ ಸ್ಟಿಕರ್ ಬೊಟ್ಟನ್ನು ತೆಗೆಯುವಾಗ ಯಾರೂ ನಡುವಿನಿಂದ ಎಳೆಯುವುದಿಲ್ಲ, ಅಂಚಿಗೆ ಉಗುರು ಹಾಕಿ ಎತ್ತುತ್ತಾರೆ. ನೇರವಾಗಿ ಎಳೆದರೆ ಬಲ ಇಡೀ ವಿಸ್ತಾರಕ್ಕೆ ಹಂಚಿಹೋಗುತ್ತದೆ. ಅಂಚಿನಿಂದ ಸುಲಿದರೆ ಇಡೀ ಬಲ ಕೂದಲೆಳೆಯಷ್ಟು ಅಗಲದ ಒಂದು ಗೆರೆಯ ಮೇಲೆ ಬೀಳುತ್ತದೆ. ಕುಗ್ಗುವಿಕೆಯಿಂದಾದ ಜಗ್ಗಾಟವೂ ಅಂಚಿನಲ್ಲೇ ಹೆಚ್ಚು, ಏಕೆಂದರೆ ನಡುವಿನ ಭಾಗವನ್ನು ಸುತ್ತಲಿನ ಲೇಪ ಹಿಡಿದಿರುತ್ತದೆ, ಅಂಚಿಗೆ ಒಂದು ಕಡೆ ಆಸರೆ ಇಲ್ಲ.

ಉಗುರಿನ ಬುಡದ ಅಂಚಿಗೆ ಇನ್ನೆರಡು ತೊಂದರೆಗಳಿವೆ. ಮೊದಲನೆಯದು ಚರ್ಮ. ಬುಡದಲ್ಲಿ ಉಗುರಿಗೆ ಅಂಟಿಕೊಂಡು ಬರುವ ತೆಳುವಾದ ಒಣಚರ್ಮವಿರುತ್ತದೆ. ಲೇಪ ಇದರ ಮೇಲೆ ಅಥವಾ ಪಕ್ಕದ ಜೀವಂತ ಚರ್ಮದ ಮೇಲೆ ಹರಿದರೆ, ಚರ್ಮ ಅಲುಗಿದಾಗಲೆಲ್ಲ ಅಂಚು ಮೀಟಿದಂತಾಗುತ್ತದೆ. ಎರಡನೆಯದು ಸನ್ನೆಯ ನಿಯಮ. ಡಬ್ಬಿಯ ಮುಚ್ಚಳದ ಅಡಿಗೆ ಉಗುರು ತೂರಿಸಿ ಮೇಲಕ್ಕೆತ್ತುವಾಗ ಮುಚ್ಚಳವು ಉಗುರಿನ ತುದಿಯನ್ನು ಕೆಳಕ್ಕೆ ಒತ್ತುತ್ತದೆ. ಬೆರಳ ತುದಿ ಆನಿಕೆಯಾಗುತ್ತದೆ, ಲೇಪದ ಬುಡ ಮೇಲೇಳಲು ನೋಡುತ್ತದೆ. ಲೇಪ ಉಗುರಿನ ಮೇಲೆ 12 ಮಿ.ಮೀ. ಕೂತಿದೆ, ತುದಿಯಲ್ಲಿ 6 ಮಿ.ಮೀ. ಚಾಚಿದೆ ಎನ್ನಿ. ತುದಿಗೆ 10 ನ್ಯೂಟನ್ ಬಲ ಬಿದ್ದರೆ ಬುಡವನ್ನು ಎತ್ತುವ ಬಲ 5 ನ್ಯೂಟನ್. ಚಾಚು 18 ಮಿ.ಮೀ. ಆದರೆ ಅದೇ ಬಲಕ್ಕೆ ಬುಡದಲ್ಲಿ 15 ನ್ಯೂಟನ್. ಉಗುರು ಮೂರು ಪಟ್ಟು ಉದ್ದವಾಗಿ ಚಾಚಿದರೆ ಬುಡದ ಅಂಚಿಗೆ ಮೂರು ಪಟ್ಟು ಪೀಡೆ. ಉಗುರು ಬೆಳೆದಂತೆ ಲೇಪವೂ ಮುಂದೆ ಸರಿಯುವುದರಿಂದ, ಹಾಕಿದ ದಿನ ಸರಿಯಿದ್ದ ಸಮತೋಲನ ಮೂರು ವಾರಗಳಲ್ಲಿ ಸುಮಾರು 2 ಮಿ.ಮೀ.ನಷ್ಟು ತಪ್ಪಿರುತ್ತದೆ.

ಏಳದಂತೆ ಮಾಡುವ ಕ್ರಮ

ಮೇಲಿನ ತತ್ವಗಳಿಂದ ಕೆಲಸದ ಕ್ರಮ ತಾನಾಗಿಯೇ ಮೂಡುತ್ತದೆ.

1. ಕೈಯನ್ನು ಸಾಬೂನಿನಿಂದ ತೊಳೆದು ಚೆನ್ನಾಗಿ ಒಣಗಲು ಬಿಡಬೇಕು. ಒರೆಸಿದ ಕೂಡಲೇ ಉಗುರಿನ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ಹೀರಿದ ನೀರು ಹೊರಬರಲು ಸಮಯ ಬೇಕು. ಉಗುರನ್ನು ಬಹಳ ಹೊತ್ತು ನೀರಿನಲ್ಲಿ ನೆನೆಹಾಕಿದ ದಿನವೇ ಅಕ್ರಿಲಿಕ್ ಕೂರಿಸದಿರುವುದು ಲೇಸು.

2. ಮದುವೆ ಮನೆಯಲ್ಲಿ ಕೆಲಸಗಳ ಅನುಕ್ರಮವನ್ನು ಮೊದಲೇ ಯೋಚಿಸಬೇಕು. ಎಣ್ಣೆ ಶಾಸ್ತ್ರ, ಅರಿಶಿನ ಶಾಸ್ತ್ರ, ಮೆಹಂದಿಯ ಬಣ್ಣ ಏರಲೆಂದು ಸವರುವ ನೀಲಗಿರಿ ಎಣ್ಣೆ ಇವೆಲ್ಲ ಉಗುರಿಗೆ ಎಣ್ಣೆಯ ಪೊರೆ ಕೊಡುತ್ತವೆ. ಇವು ಮುಗಿದ ಗಳಿಗೆಯಲ್ಲೇ ಉಗುರು ಕೂರಿಸಲು ಹೊರಟರೆ ಲೇಪ ನಿಲ್ಲುವುದು ಕಷ್ಟ.

3. ಬುಡದ ಒಣಚರ್ಮವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಉಗುರಿಗೆ ಅಂಟಿದ ಪೊರೆಯನ್ನು ತೆಗೆಯಬೇಕು. ಜೀವಂತ ಚರ್ಮವನ್ನು ಕತ್ತರಿಸಬಾರದು, ಅದು ಸೋಂಕಿಗೆ ಬಾಗಿಲು ತೆರೆದಂತೆ.

4. 180ರಿಂದ 240 ಸಂಖ್ಯೆಯ ನಯವಾದ ಅರದಿಂದ ಉಗುರಿನ ಹೊಳಪು ಹೋಗುವಷ್ಟು ಮಾತ್ರ ಉಜ್ಜಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಇಲ್ಲಿ ಅಕ್ಷರಶಃ ಒಪ್ಪುತ್ತದೆ. ವಿದ್ಯುತ್ ಅರ ಹಿಡಿದು ಕೊರೆದರೆ ಅರ್ಧ ಮಿಲಿಮೀಟರಿನ ಉಗುರು ಇನ್ನೂ ತೆಳುವಾಗಿ ಹೆಚ್ಚು ಬಾಗುತ್ತದೆ, ಗಡಿಯ ಜಗ್ಗಾಟ ಹೆಚ್ಚುತ್ತದೆ. ಬಾಗದಿರುವ ಗುಣ ದಪ್ಪದ ಘನಕ್ಕೆ ಅನುಪಾತದಲ್ಲಿರುವುದರಿಂದ, ದಪ್ಪ ಅರ್ಧವಾದರೆ ಉಗುರು ಎಂಟು ಪಟ್ಟು ಸುಲಭವಾಗಿ ಬಾಗುತ್ತದೆ.

5. ಪುಡಿಯನ್ನು ಕುಂಚದಿಂದ ಕೊಡವಿ, ಎಳೆ ಉದುರದ ಒಣ ಬಟ್ಟೆಗೆ ಅಸಿಟೋನ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಬೇಕು. ಎರಡೂ ಬೇಗ ಹೊತ್ತಿಕೊಳ್ಳುವ ದ್ರವಗಳು, ದೀಪ, ಒಲೆಗಳಿಂದ ದೂರವಿರಲಿ. ಒರೆಸಿದ ಉಗುರನ್ನು ಮತ್ತೆ ಬೆರಳಿನಿಂದ ಮುಟ್ಟಬಾರದು.

6. ಪ್ರೈಮರ್ ತೆಳುವಾಗಿ, ಉಗುರಿಗೆ ಮಾತ್ರ ತಾಗುವಂತೆ ಹಚ್ಚಿ ಒಣಗಲು ಬಿಡಬೇಕು. ಕೆಲವು ಪ್ರೈಮರ್‌ಗಳಲ್ಲಿ ಮೆಥಾಕ್ರಿಲಿಕ್ ಆಮ್ಲ ಇರುತ್ತದೆ, ಅದು ಚರ್ಮ ಮತ್ತು ಕಣ್ಣನ್ನು ಸುಡಬಲ್ಲದು.

7. ಲೇಪವನ್ನು ಚರ್ಮದಿಂದ ಸುಮಾರು 1 ಮಿ.ಮೀ. ದೂರದಲ್ಲಿ ನಿಲ್ಲಿಸಿ, ಅಂಚು ಕಾಗದದಂತೆ ತೆಳುವಾಗುವಂತೆ ಇಳಿಜಾರು ಮಾಡಬೇಕು. ಬಲ ಬೇಕಾದ ನಡುಭಾಗದಲ್ಲಿ ಮಾತ್ರ ತುಸು ದಪ್ಪ ಇರಲಿ.

8. ಹೊಸಪೇಟೆಯ ಬೇಸಿಗೆಯ ಮಧ್ಯಾಹ್ನ ಬಿಸಿ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆ ಬಿಸಿಯಲ್ಲಿ ಮಾನೊಮರ್ ಬೇಗ ಆವಿಯಾಗುತ್ತದೆ, ಕ್ರಿಯೆಯೂ ಚುರುಕಾಗುತ್ತದೆ. ಉಗುರನ್ನು ನೆನೆಸುವ ಮೊದಲೇ ಉಂಡೆ ಗಟ್ಟಿಯಾದರೆ ಲೇಪ ಕೂರುವುದಿಲ್ಲ. ಬೆಳಗಿನ ತಂಪು ಹೊತ್ತು ಒಳ್ಳೆಯದು.

9. ಮೊದಲ ದಿನ ಹೆಚ್ಚು ನೀರಾಟ ಬೇಡ. ಆಮೇಲೆಯೂ ಪಾತ್ರೆ, ಬಟ್ಟೆ ತೊಳೆಯುವಾಗ ಕೈಗವಸು ಹಾಕಬೇಕು. ಎರಡು ಮೂರು ವಾರಕ್ಕೊಮ್ಮೆ ಬುಡದ ಖಾಲಿ ಜಾಗವನ್ನು ತುಂಬಿಸಿ ಸಮತೋಲನ ಸರಿಪಡಿಸಿಕೊಳ್ಳಬೇಕು. ಚಾಚು ಗಿಡ್ಡವಾದಷ್ಟೂ ಬಾಳಿಕೆ ಹೆಚ್ಚು.

ಎದ್ದ ಮೇಲೆ

ಅಂಚು ಎದ್ದಾಗ ಉಂಟಾಗುವ ಸಂದು ಬಹಳ ಕಿರಿದು, ಅಪಾಯ ಇರುವುದೂ ಅಲ್ಲಿಯೇ. ಸಂದಿನ ಅಗಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಎನ್ನೋಣ. ನೀರಿನ ಮೇಲ್ಮೈ ಎಳೆತ ಮೀಟರಿಗೆ 0.072 ನ್ಯೂಟನ್. ನೀರು ಸಂದಿನ ಗೋಡೆಗಳನ್ನು ಪೂರ್ತಿ ನೆನೆಸುವ ಆದರ್ಶ ಸಂದರ್ಭದಲ್ಲಿ ಲೋಮನಾಳತೆಯಿಂದ ಒಳಗೆಳೆಯುವ ಒತ್ತಡ ಸುಮಾರು 14,400 ಪಾಸ್ಕಲ್. ಇದು ನೀರನ್ನು ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ ಏರಿಸಬಲ್ಲದು! ಹೀಗೆ ಒಳಗೆ ಹೊಕ್ಕ ನೀರು ಸುಲಭವಾಗಿ ಹೊರಬಾರದು. ಸದಾ ತೇವವಾಗಿರುವ ಆ ಜಾಗದಲ್ಲಿ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಬೆಳೆದು ಉಗುರಿಗೆ ಹಸಿರು ಬಣ್ಣ ಬರಬಹುದು. ಎದ್ದ ಅಂಚಿನ ಮೇಲೆ ಇನ್ನೊಂದು ಪದರ ಬಳಿಯುವುದಾಗಲಿ, ಮನೆಯಲ್ಲಿರುವ ಶೀಘ್ರ ಅಂಟನ್ನು ಸುರಿಯುವುದಾಗಲಿ ತೇವವನ್ನು ಒಳಗೇ ಮುಚ್ಚಿ ಬೀಗ ಹಾಕಿದಂತೆ. ಕೀಳುವುದೂ ಸಲ್ಲದು, ಅಂಟಿರುವ ಭಾಗದಲ್ಲಿ ಉಗುರಿನ ಮೇಲ್ಪದರವೇ ಕಿತ್ತುಬರುತ್ತದೆ. ಅಸಿಟೋನಿನಲ್ಲಿ ನೆನೆಸಿ ಲೇಪವನ್ನು ಮೆತ್ತಗೆ ಮಾಡಿ ತೆಗೆದು, ಉಗುರನ್ನು ಒಣಗಲು ಬಿಡಬೇಕು. ಬಣ್ಣ, ನೋವು, ಊತ ಇದ್ದರೆ ಚರ್ಮವೈದ್ಯರಿಗೆ ತೋರಿಸಬೇಕು.

ಏಳಬಾರದೆಂಬ ಹಟದಲ್ಲಿ ಆರೋಗ್ಯವನ್ನು ಮರೆಯಬಾರದು. ಮೀಥೈಲ್ ಮೆಥಾಕ್ರಿಲೇಟ್ ಅಗ್ಗ, ಅದರ ಲೇಪ ಬಲು ಗಡಸು. ಆ ಗಡಸುತನವೇ ಅಪಾಯ. ಬೆರಳಿಗೆ ಏಟು ಬಿದ್ದಾಗ ಲೇಪ ಬಿಡುವುದಿಲ್ಲ, ಕೆಳಗಿನ ಉಗುರೇ ಕಿತ್ತುಬರುತ್ತದೆ. ಉಗುರಿಗೆ ಆದ ಹಾನಿ ಮತ್ತು ಚರ್ಮದ ಅಲರ್ಜಿಯ ದೂರುಗಳ ಕಾರಣದಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1970ರ ದಶಕದಲ್ಲಿಯೇ ಈ ಮಾನೊಮರ್ ತುಂಬಿದ ಉಗುರಿನ ಸಾಮಗ್ರಿಗಳ ವಿರುದ್ಧ ಕ್ರಮ ಕೈಗೊಂಡಿತ್ತು. ಕಟುವಾದ ವಾಸನೆ, ಅಸಿಟೋನಿಗೂ ಸುಲಭವಾಗಿ ಕರಗದ ಲೇಪ ಇವು ಅದರ ಲಕ್ಷಣಗಳು. ಒಳ್ಳೆಯ ಲೇಪ ದಿನನಿತ್ಯದ ಜಗ್ಗಾಟವನ್ನು ತಾಳಬೇಕು, ದೊಡ್ಡ ಏಟಿಗೆ ಉಗುರಿಗಿಂತ ಮೊದಲು ತಾನು ಸೋಲಬೇಕು.

ಬೆಸೆಯದ ಅಕ್ರಿಲೇಟ್ ಅಣುಗಳು ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಬಹುದು, ಒಮ್ಮೆ ಹುಟ್ಟಿದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಇದೇ ಕುಟುಂಬದ ವಸ್ತುಗಳನ್ನು ಹಲ್ಲು ತುಂಬಲು, ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಸಿಮೆಂಟಾಗಿ ಬಳಸುತ್ತಾರೆ. ಇಂದು ಉಗುರಿನ ಅಂದಕ್ಕೆ ತೆತ್ತ ಬೆಲೆ ನಾಳೆ ಆಸ್ಪತ್ರೆಯಲ್ಲಿ ಅಡ್ಡಿಯಾಗಬಹುದು. ಯುರೋಪಿಯನ್ ಒಕ್ಕೂಟವು 2020ರ ನಿಯಮವೊಂದರಲ್ಲಿ ಉಗುರಿನ ಸಾಮಗ್ರಿಗಳಲ್ಲಿರುವ ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್ ಅನ್ನು ವೃತ್ತಿಯವರ ಬಳಕೆಗೆ ಮಾತ್ರ ಸೀಮಿತಗೊಳಿಸಿ, ಅಲರ್ಜಿಯ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. ಅಲಂಕಾರ ಮಾಡಿಸಿಕೊಳ್ಳುವವರು ತಿಂಗಳಿಗೊಮ್ಮೆ ಈ ವಸ್ತುಗಳ ಹತ್ತಿರ ಬಂದರೆ, ಪಾರ್ಲರಿನಲ್ಲಿ ದುಡಿಯುವ ಹೆಣ್ಣುಮಗಳು ದಿನವಿಡೀ ಅವುಗಳ ನಡುವೆ ಇರುತ್ತಾಳೆ. ಕಿಟಕಿ ತೆರೆದ ಕೋಣೆ, ಮುಚ್ಚಿದ ಬಾಟಲಿ, ನೈಟ್ರೈಲ್ ಕೈಗವಸು, ಉಜ್ಜುವಾಗ ಮುಖಗವಸು ಇವು ಅವಳ ಪಾಲಿಗೆ ಅಗತ್ಯ ಉಪಕರಣಗಳು.

ತರಗತಿಯಲ್ಲಿ ಮಾಡಿ ನೋಡಿ

ಅಕ್ರಿಲಿಕ್ ದ್ರವವನ್ನು ಶಾಲೆಗೆ ತರುವುದು ಬೇಡ. ಅದರ ಭೌತಶಾಸ್ತ್ರವನ್ನು ಅಗ್ಗದ ಸಾಮಗ್ರಿಗಳಿಂದಲೇ ತೋರಿಸಬಹುದು.

ಅ) ಎರಡು ಸ್ಟೀಲ್ ತಟ್ಟೆಗಳನ್ನು ಸಾಬೂನಿನಿಂದ ತೊಳೆದು ಒಣಗಿಸಿ. ಒಂದಕ್ಕೆ ಬೆರಳಿನಿಂದ ಕೊಬ್ಬರಿ ಎಣ್ಣೆ ಸವರಿ ಒರೆಸಿಬಿಡಿ. ಎರಡರ ಮೇಲೂ ಒಂದೊಂದು ಹನಿ ನೀರು ಹಾಕಿ ಪಕ್ಕದಿಂದ ನೋಡಿ. ಒರೆಸಿದ ಮೇಲೂ ಎಣ್ಣೆಯ ಪೊರೆ ಉಳಿದಿರುವುದನ್ನು ಹನಿಯ ಆಕಾರ ಹೇಳುತ್ತದೆ.

ಆ) ಒಂದೇ ಉದ್ದದ ಅಂಟುಪಟ್ಟಿಗಳನ್ನು ಮೇಜಿಗೆ ಅಂಟಿಸಿ. ಒಂದನ್ನು ಮೇಜಿಗೆ ಸಮಾಂತರವಾಗಿ, ಇನ್ನೊಂದನ್ನು ಲಂಬವಾಗಿ ಮೇಲಕ್ಕೆ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಸುಲಿಯಲು ಬೇಕಾದ ಬಲಕ್ಕೂ ಜಾರಿಸಲು ಬೇಕಾದ ಬಲಕ್ಕೂ ಇರುವ ಅಂತರವನ್ನು ದಾಖಲಿಸಿ. ಮೇಜಿಗೆ ಸೀಮೆಸುಣ್ಣದ ಪುಡಿ ಉದುರಿಸಿ ಪ್ರಯೋಗವನ್ನು ಮತ್ತೆ ಮಾಡಿ.

ಇ) ಹಳೆಯ ಪೋಸ್ಟ್‌ಕಾರ್ಡುಗಳ ಒಂದು ಮುಖಕ್ಕೆ ಮೈದಾ ಅಂಟನ್ನು ಬೇರೆ ಬೇರೆ ದಪ್ಪದಲ್ಲಿ ಬಳಿದು ಒಣಗಲು ಬಿಡಿ. ಮರುದಿನ ಯಾವ ಕಾರ್ಡು ಹೆಚ್ಚು ಸುರುಳಿಯಾಗಿದೆ, ಯಾವುದರ ಲೇಪ ಅಂಚಿನಲ್ಲಿ ಎದ್ದಿದೆ ಎಂಬುದನ್ನು ಪಟ್ಟಿ ಮಾಡಿ. ಕುಗ್ಗುವಿಕೆಯ ಪೀಡನವನ್ನು ಕಣ್ಣಿಗೆ ತೋರಿಸುವ ಅತ್ಯಂತ ಸುಲಭದ ದಾರಿ ಇದು.

ಅಂಟಿದ್ದು ನಿಲ್ಲುವುದೋ ಬಿಡುವುದೋ ಎಂಬುದರ ಬಹುಭಾಗ, ಅಂಟು ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ಒಣಗಿದ, ಚೊಕ್ಕವಾದ, ತುಸು ಒರಟಾದ ನೆಲ, ತೆಳುವಾದ ಅಂಚು, ಗಿಡ್ಡ ಚಾಚು. ಈ ಮೂರು ಇದ್ದರೆ ಸಾಮಾನ್ಯ ಸಾಮಗ್ರಿಯೂ ಮೂರು ವಾರ ನಿಲ್ಲಬಹುದು. ಇವು ಇಲ್ಲದಿದ್ದರೆ ದುಬಾರಿ ಸಾಮಗ್ರಿಯೂ ಒಂದು ವಾರದಲ್ಲಿ ಏಳಬಹುದು. ಗಾರೆ ಬಳಿಯುವವರಿಗೂ ಬಣ್ಣ ಹಚ್ಚುವವರಿಗೂ ಹಲ್ಲು ತುಂಬುವವರಿಗೂ ಸಲ್ಲುವ ಮಾತಿದು. ವಿದ್ಯಾರ್ಥಿಗಳು ತಮ್ಮ ಊರಿನ ಗೋಡೆಗಳಲ್ಲಿ ಹಕ್ಕಳೆ ಎಲ್ಲಿಂದ ಏಳಲು ಆರಂಭವಾಗಿದೆ ಎಂದು ಹುಡುಕಿ ನೋಡಲಿ. ಬಹುತೇಕ ಒಂದು ಅಂಚೋ, ಒಂದು ಬಿರುಕೋ, ಒಂದು ತೇವದ ಜಾಗವೋ ಅವರಿಗೆ ಸಿಗುತ್ತದೆ.